ಅಜ್ಜಿಯ ಧಾಬಳಿಗೆ ಹೋದ ಗುಳ್ಳೆ

ನಮ್ಮ ಮನೆಯಲ್ಲಿ ಏನೇನು ಮುಟ್ಟಬಾರದು ಎಂಬುದನ್ನು ನಾನು ಅಕ್ಷರ ಕಲಿಯುವುದಕ್ಕೆ ಮುಂಚೆಯೇ ಕಲಿತಿದ್ದೆ. ಅಡಿಗೆಮನೆಯಲ್ಲಿ ಒಲೆಯ ಕಡೆಯ ಅರ್ಧಕ್ಕೆ ಕಾಲಿಡಬಾರದು. ಉಪ್ಪಿನಕಾಯಿ ಜಾಡಿ ಮುಟ್ಟಬಾರದು. ಬಚ್ಚಲ ಪಕ್ಕದ ಹಿತ್ತಾಳೆ ಕೊಳಗದ ನೀರು ಮುಟ್ಟಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜಿ ಮಡಿಯಲ್ಲಿರುವಾಗ ಅಜ್ಜಿಯನ್ನು ಮುಟ್ಟಬಾರದು. ಅಜ್ಜಿ ಮಡಿಯಲ್ಲಿಲ್ಲದ ಹೊತ್ತು ಎಂದರೆ ಅವಳು ಮಲಗಿರುವ ಹೊತ್ತು. ಆಗ ಹತ್ತಿರ ಹೋದರೆ ಎಚ್ಚರವಾಗುತ್ತದೆ ಎಂದು ಅಮ್ಮ ಗದರುತ್ತಿದ್ದಳು. ಹೀಗಾಗಿ ಹುಟ್ಟಿದಾಗಿನಿಂದ ಒಂದೇ ಸೂರಿನ ಕೆಳಗಿದ್ದೂ ಅಜ್ಜಿಯ ಕೈ ಮೆತ್ತಗಿದೆಯೋ ಒರಟಾಗಿದೆಯೋ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅದು ವಿಚಿತ್ರ ಎಂದು ಆಗ ಅನ್ನಿಸಿಯೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಒಬ್ಬರು ಹೀಗೆ ಇರುತ್ತಾರೆ ಎಂದುಕೊಂಡಿದ್ದೆ.

ಅಜ್ಜಿ ಅಪ್ಪನ ತಾಯಿ. ಅಪ್ಪ ಕೂಸಾಗಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ನಮ್ಮಂಥ ಮನೆಗಳ ಅಂದಿನ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಓಡಾಡುತ್ತಿದ್ದಳು. ಎರಡು ವಾರಕ್ಕೊಮ್ಮೆ ಬುಧವಾರ ಕ್ಷೌರದವನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದ. ಆ ಹೊತ್ತು ನನ್ನನ್ನು ಹಜಾರಕ್ಕೆ ಅಟ್ಟಿ ನಡುಕೋಣೆಯ ಬಾಗಿಲು ಹಾಕುತ್ತಿದ್ದರು. ಇಷ್ಟು ಕೇಳಿ ಯಾರಾದರೂ ಅಯ್ಯೋ ಪಾಪ ಎಂದರೆ ನಾನು ಒಪ್ಪುವವಳಲ್ಲ. ಪಾಪದವಳಾಗಿರಲಿಲ್ಲ ನಮ್ಮಜ್ಜಿ. ಗಟ್ಟಿಗಿತ್ತಿ. ಜೊತೆಗೆ ಊರಿಗೆಲ್ಲ ಇಲ್ಲದ ಕುತೂಹಲ ಅವಳೊಬ್ಬಳಿಗೇ ಇತ್ತು. ನಮ್ಮ ಬಾಡಿಗೆ ಮನೆ ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದುದರಿಂದ ಇಂಜಿನ್ನಿನ ಕೂಗು, ಹೊಗೆ, ಡಬ್ಬಿಗಳು ಢಿಕ್ಕಿ ಹೊಡೆಯುವ ಸದ್ದು ದಿನವಿಡೀ ಇದ್ದೇ ಇರುತ್ತಿತ್ತು. ಗಾಡಿ ಹತ್ತಿದ್ದು ಬಾಳಿನಲ್ಲಿ ಎರಡೋ ಮೂರೋ ಸಲವಾದರೂ, ಇಂಜಿನ್ನಿಗೆ ನೀರು ಯಾಕೆ ಬೇಕು, ಹೊಗೆ ಮುಂದಕ್ಕೆ ಹೋಗದೆ ಹಿಂದಕ್ಕೆ ಯಾಕೆ ಬರುತ್ತದೆ ಎಂದು ಅಪ್ಪನನ್ನು ಊಟದ ಹೊತ್ತಿನಲ್ಲಿ ಪೀಡಿಸುತ್ತಿದ್ದಳು. ಅಪ್ಪನಿಗೆ ಗೊತ್ತಿಲ್ಲದಿದ್ದರೆ ಬಿಡುತ್ತಿರಲಿಲ್ಲ.

"ಅಲ್ವೋ, ಅಲ್ಲೇ ಕೆಲಸ ಮಾಡ್ತೀಯ, ಕೇಳ್ಕೊಂಡು ಬರಕ್ಕೆ ಏನು ಧಾಡಿ?" ಎನ್ನುತ್ತಿದ್ದಳು.

ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಕೊಬ್ಬರಿ ಮೂಟೆಗಳು, ತೆಂಗಿನಕಾಯಿ, ರಾಗಿ, ಯಾರದೋ ಮದುವೆಯ ಪಾತ್ರೆಪಡಗ, ಹೀಗೆ ಬರುವ ಹೋಗುವ ಸಾಮಾನನ್ನೆಲ್ಲ ನೋಡಿ ಚೀಟಿ ಅಂಟಿಸುವ ಕೆಲಸ. ಮೂಟೆಯೊಳಗೆ ಒಂದಿದ್ದರೆ ಬಾಯಲ್ಲಿ ಇನ್ನೊಂದು ಹೇಳುವವರನ್ನು ದಿನಾ ನೋಡಿ ನೋಡಿ, ಎದುರಿಗಿರುವವರ ಮುಖ ನೋಡಿದರೆ ಸಾಕು, ನಿಜವೋ ಸುಳ್ಳೋ ಹೇಳಿಬಿಡುತ್ತೇನೆ ಎಂಬ ಜಂಬ ಅವನಿಗೆ ಬಂದುಬಿಟ್ಟಿತ್ತು. ಸುಳ್ಳು ಎಂದರೆ ಅವನಿಗೆ ಮೈಯೆಲ್ಲ ಉರಿ. ಸಂಜೆ ಮನೆಗೆ ಬಂದಾಗ ಅವನ ಕಪ್ಪು ಕೋಟಿನ ತುಂಬ ಗೋಣಿಯ ನಾರು ಅಂಟಿಕೊಂಡಿರುತ್ತಿತ್ತು. ಹಜಾರದ ಮಣೆಯ ಮೇಲೆ ಅವನು ಬೆನ್ನು ಕೊಟ್ಟು ಕೂರುತ್ತಿದ್ದ. ನಾನು ಹಿಂದೆ ನಿಂತು ಒಂದೊಂದೇ ನಾರು ಕಿತ್ತು ಅಂಗೈಯಲ್ಲಿ ಉಂಡೆ ಮಾಡುತ್ತಿದ್ದೆ. ಆ ಹೊತ್ತಿನಲ್ಲಿ ಅವನು ಆ ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಮಾಲೇಕಲ್ಲು ಬೆಟ್ಟ ಹತ್ತಲು ಬಂದ ಯಾತ್ರಿಕರೊಬ್ಬರು ತಮ್ಮ ಗಂಟು ಬಿಟ್ಟು ಬೇರೆಯವರ ಗಂಟು ಹೊತ್ತುಕೊಂಡು ಹೋದದ್ದು, ಸ್ಟೇಷನ್ ಮಾಸ್ತರರ ಟೋಪಿಯನ್ನು ಕೋತಿ ಎತ್ತಿಕೊಂಡದ್ದು. ಅಪ್ಪ ಸಂಪೂರ್ಣ ನನ್ನವನಾಗಿರುತ್ತಿದ್ದುದು ಆ ಕಾಲು ಗಂಟೆ. ಅದಕ್ಕಾಗಿ ನಾನು ದಿನವೆಲ್ಲ ಕಾಯುತ್ತಿದ್ದೆ.

ಈಗ ಗುಳ್ಳೆಯ ಮಾತಿಗೆ ಬರುತ್ತೇನೆ. ಮಾಘ ಮಾಸ ಕಳೆಯುತ್ತ ಬಂದಿತ್ತು. ನಮ್ಮ ಸೀಮೆಯಲ್ಲಿ ಆಗ ಗಾಳಿ ಒಣಗಿ ಗರಿಗರಿಯಾಗಿರುತ್ತದೆ. ತುಟಿ ಒಡೆಯುತ್ತದೆ, ಕಾಲಿನ ಹಿಮ್ಮಡಿ ಬಿರಿಯುತ್ತದೆ, ಉಗುರಿನಲ್ಲಿ ಕೆರೆದರೆ ಮೈಮೇಲೆ ಬಿಳಿ ಗೆರೆ ಏಳುತ್ತದೆ. ಅಮ್ಮ ಬಟ್ಟೆ ಒಗೆದು ಉಳಿಸುತ್ತಿದ್ದ ಬಾರ್ ಸೋಪಿನ ಚೂರುಗಳನ್ನು ತೆಂಗಿನ ಕರಟದಲ್ಲಿ ನೆನೆಸಿ, ಪರಂಗಿ ಎಲೆಯ ದಂಟನ್ನು ಕೊಳವೆ ಮಾಡಿಕೊಂಡು ಗುಳ್ಳೆ ಊದುವ ಹುಚ್ಚು ನನಗೆ ಹಿಡಿದದ್ದು ಆ ದಿನಗಳಲ್ಲಿ. ಎಂಥ ಹುಚ್ಚು ಅದು! ಯಾವ ಗುಳ್ಳೆ ಎಷ್ಟು ಹೊತ್ತು ಇರುತ್ತದೆ, ಒಡೆಯುವ ಮುಂಚೆ ಮೇಲ್ಭಾಗದ ಬಣ್ಣ ಹೇಗೆ ಕರಗಿ ಕಪ್ಪಾಗುತ್ತದೆ, ಒದ್ದೆ ತಟ್ಟೆಯ ಮೇಲೆ ಇಳಿದರೆ ಒಡೆಯದ್ದು ಒಣಗಿದ ಕಲ್ಲಿನ ಮೇಲೆ ಯಾಕೆ ಪಟ್ಟನೆ ಒಡೆಯುತ್ತದೆ ಎಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇರುತ್ತಿದ್ದೆ. ಅಜ್ಜಿಗೂ ನೋಡುವ ಆಸೆ. ಆದರೆ ಸೋಪಿನಲ್ಲಿ ಕೊಬ್ಬು ಹಾಕಿರುತ್ತಾರೆ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಸೋಪು ಅವಳ ಪಾಲಿಗೆ ಮೈಲಿಗೆಯಲ್ಲಿ ಮೈಲಿಗೆ. ಅಡಿಗೆಮನೆಯ ಕಿಟಕಿಯ ಒಳಗಿನಿಂದಲೇ, "ಅದು ದೊಡ್ಡದು, ಅದು ದೊಡ್ಡದು! ಅಯ್ಯೋ ಹೋಯ್ತಲ್ಲೇ" ಎಂದು ಕೂಗುತ್ತಿದ್ದಳು.

ಆ ದಿನ ಗುರುವಾರ, ದ್ವಾದಶಿ. ಹಿಂದಿನ ದಿನ ಏಕಾದಶಿಯೆಂದು ಅಜ್ಜಿ ಗುಟುಕು ನೀರೂ ಕುಡಿದಿರಲಿಲ್ಲ. ದ್ವಾದಶಿಯ ಬೆಳಿಗ್ಗೆ ಇಂತಿಷ್ಟು ಹೊತ್ತಿನೊಳಗೆ ಸ್ನಾನ, ಪೂಜೆ, ಅಡಿಗೆ ಎಲ್ಲ ಮುಗಿಸಿ ಊಟ ಮಾಡಿ ಉಪವಾಸ ಬಿಡಬೇಕು. ಅಜ್ಜಿ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲೇ ಹಿತ್ತಿಲ ಜಗಲಿಗೆ ಬಂದಳು. ಅಲ್ಲಿ ಸೂರಿಗೆ ಕಟ್ಟಿದ ಬಿದಿರು ಗಳದ ಮೇಲೆ, ಯಾರ ಕೈಗೂ ಎಟುಕದ ಹಾಗೆ, ಅವಳ ಧಾಬಳಿ ಹರವಿತ್ತು. ಧಾಬಳಿ ಎಂದರೆ ಉಣ್ಣೆಯ ಮಡಿಬಟ್ಟೆ. ಇಟ್ಟಿಗೆಯ ಬಣ್ಣದ್ದು, ಹಳೇಬೀಡಿನಲ್ಲಿದ್ದ ಅವಳ ತಮ್ಮ ತಂದುಕೊಟ್ಟದ್ದು. ಅಜ್ಜಿ ಮಡಿಕೋಲಿನಿಂದ ಅದನ್ನು ಗಳದ ಮೇಲಿಂದ ಸರಸರ ಎಳೆದಳು. ಚಟಚಟ ಎಂದು ಸಣ್ಣ ಸದ್ದಾಯಿತು. ಅದೇ ಹೊತ್ತಿಗೆ ಮೆಟ್ಟಿಲ ಮೇಲಿದ್ದ ನನ್ನ ದಂಟಿನ ತುದಿಯಿಂದ ಕಿತ್ತಳೆ ಗಾತ್ರದ ಗುಳ್ಳೆಯೊಂದು ಬಿಡಿಸಿಕೊಂಡಿತು. ಬಚ್ಚಲ ಒಲೆಯ ಹೊಗೆ ತೆಂಗಿನ ಮರದ ಕಡೆಗೆ ವಾಲುತ್ತಿತ್ತು. ಗುಳ್ಳೆಯೂ ಅತ್ತಲೇ ಎರಡು ಮೊಳ ಹೋಯಿತು. ಹೋದದ್ದು ನಿಂತಿತು. ಆಮೇಲೆ ಯಾರೋ ಹೆಸರು ಹಿಡಿದು ಕರೆದ ಹಾಗೆ ತಿರುಗಿ, ಹೊಗೆಗೆ ಎದುರಾಗಿ, ಕೋಲಿನ ತುದಿಯಲ್ಲಿ ತೂಗುತ್ತಿದ್ದ ಧಾಬಳಿಯ ಕಡೆಗೆ ಹೊರಟಿತು. ಮೊದಲು ನಿಧಾನವಾಗಿ, ಹತ್ತಿರ ಹೋದಂತೆ ಬಿರುಸಾಗಿ. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆನೇ ಹೊರತು ಕೂಗಬೇಕು ಎಂದು ಹೊಳೆಯಲಿಲ್ಲ. ಅದು ಹೋಗಿ ಧಾಬಳಿಯ ಅಂಚಿಗೆ ತಗುಲಿ ಒಡೆಯಿತು.

ಅಜ್ಜಿ ಕೋಲು ಹಿಡಿದವಳು ಹಿಡಿದ ಹಾಗೇ ನಿಂತಳು. ಬಟ್ಟೆಯ ಮೇಲೆ ಸೋಪಿನ ಒದ್ದೆ ಗುರುತು, ನಾಕಾಣೆ ಅಗಲದ್ದು. ಇನ್ನೊಂದು ಮಡಿಸೀರೆ ಇನ್ನೂ ಒಣಗಿರಲಿಲ್ಲ. ಅದನ್ನೇ ಮತ್ತೆ ಜಾಲಿಸಿ, ಮತ್ತೆ ಸ್ನಾನ ಮಾಡಿ, ಸೀರೆ ಒಣಗುವವರೆಗೆ ಒದ್ದೆಯಲ್ಲೇ ನಡುಗುತ್ತ ನಿಂತು ಅವಳು ಅಡಿಗೆಗೆ ಕೈಹಾಕುವ ಹೊತ್ತಿಗೆ ಉಪವಾಸ ಬಿಡುವ ಸಮಯ ಮೀರಿಹೋಗಿತ್ತು. ಅವಳು ಅನ್ನ ಕಂಡದ್ದು ಮಧ್ಯಾಹ್ನ ಎರಡಕ್ಕೆ. ಅಪ್ಪ ಊಟಕ್ಕೆ ಬಂದವನು, ಎರಡು ದಿನದಿಂದ ಹಸಿದ ತಾಯಿ ಒಲೆಯ ಮುಂದೆ ಕೂತಿರುವುದನ್ನು ನೋಡಿ ನನ್ನನ್ನು ಹಜಾರಕ್ಕೆ ಕರೆದ.

"ಮಡಿಬಟ್ಟೆ ಮೇಲೆ ಗುಳ್ಳೆ ಊದಿದೆಯಾ?"

"ಇಲ್ಲ ಅಪ್ಪ. ಅದೇ ಹೋಯ್ತು."

"ಅದೇ ಹೋಯ್ತು ಅಂದ್ರೆ?"

"ನಾನು ಆ ಕಡೆ ಊದಲೇ ಇಲ್ಲ. ಮರದ ಕಡೆ ಊದಿದ್ದು. ಅದು ಗಾಳಿಗೆ ಎದುರಾಗಿ ತಿರುಗಿಕೊಂಡು ಹೋಯ್ತು."

ಅಪ್ಪ ನನ್ನ ಮುಖವನ್ನು ನೋಡಿದ, ಮೂಟೆ ನೋಡುವ ಹಾಗೆ.

"ಮಕ್ಕಳಾಟಿಕೆ ಮಾಡಿದ್ರೆ ಕ್ಷಮಿಸಬಹುದು. ಸುಳ್ಳು ಹೇಳಿದ್ರೆ ಆಗಲ್ಲ ನಾಗೂ. ನಾನೇ ಊದಿದೆ ಅಂತ ಒಂದು ಮಾತು ಹೇಳು, ಮುಗೀತು."

"ನಾನು ಊದಲಿಲ್ಲ."

"ಹಾಗಾದ್ರೆ ನಿಜ ಬಾಯಿಗೆ ಬರೋವರೆಗೂ ನನ್ನ ಹತ್ತಿರ ಬರಬೇಡ."

ಆ ಸಂಜೆ ಅಪ್ಪ ಹಜಾರದ ಮಣೆಯ ಮೇಲೆ ಕೂರಲಿಲ್ಲ. ಬಾಗಿಲಾಚೆ ನಿಂತು ಕೋಟನ್ನು ತಾನೇ ಪಟಪಟ ಕೊಡವಿ ಗೂಟಕ್ಕೆ ಸಿಕ್ಕಿಸಿದ. ನಾನು ಕಂಬದ ಹಿಂದೆ ನಿಂತು ನೋಡಿದೆ. ನಾರೆಲ್ಲ ಹಾಗೇ ಇತ್ತು, ಕೊಡವಿದರೆ ಹೋಗುವಂಥದ್ದಲ್ಲ ಅದು. ನನಗೆ ಅಳು ಬಂತು. ಅಜ್ಜಿಯನ್ನು ಉಪವಾಸ ಕೆಡವಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟಿತ್ತು, ಅದಕ್ಕೆ ಎರಡೇಟು ಹೊಡೆದಿದ್ದರೂ ತಿಂದುಕೊಳ್ಳುತ್ತಿದ್ದೆ. ಆದರೆ ನನ್ನ ಕಣ್ಣು ಕಂಡದ್ದನ್ನು ಕಂಡಿಲ್ಲ ಎಂದು ಹೇಗೆ ಹೇಳಲಿ? ಅಮ್ಮ ಜಡೆ ಹೆಣೆಯುವಾಗಲೆಲ್ಲ ಕಿವಿಯಲ್ಲಿ ಒಂದೇ ಮಂತ್ರ.

"ಹ್ಞೂಂ ಅಂದುಬಿಡೇ ಮಾರಾಯ್ತಿ. ನಾನೇ ಊದಿದೆ, ತಪ್ಪಾಯ್ತು ಅಂತ. ನಿನ್ನ ಗಂಟೇನು ಹೋಗ್ತದೆ?"

"ಅದು ಸುಳ್ಳಾಗ್ತದಲ್ಲಮ್ಮ."

"ಅಬ್ಬಬ್ಬಾ! ಹಟಮಾರಿ. ಅಪ್ಪನ ಪಡಿಯಚ್ಚು."

ನನ್ನ ಪರ ಸಾಕ್ಷಿ ಹೇಳಲು ಒಬ್ಬಳಿದ್ದಳು. ಜಾವಗಲ್ ಕಡೆಯ ಹಳ್ಳಿಯಿಂದ ಬಂದು ನಮ್ಮ ಕೇರಿಯ ಹಿಂದೆ ನೆಲೆಸಿದ್ದ ಹಾಲಿನ ಕೆಂಚಮ್ಮ, ಆ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಹಾಲು ಅಳೆಯುತ್ತಿದ್ದವಳು, ಎಲ್ಲ ಕಂಡಿದ್ದಳು. ಶನಿವಾರ ಅವಳನ್ನೇ ಅಪ್ಪನ ಮುಂದೆ ನಿಲ್ಲಿಸಿದೆ. ಅವಳು ಸಾಕ್ಷಿ ಹೇಳಿದ್ದೇ ಕೇಡಾಯಿತು.

"ಊಂ ಸ್ವಾಮಿ, ನಾನೇ ಕಂಡೆ. ಅದರ ಪಾಡಿಗೆ ಅದು ಓಯ್ತು. ಏನೋ ಗಾಳಿ ಸೋಕೈತೆ. ಮಗೀಗೆ ಒಂದು ತಾಯ್ತ ಕಟ್ಟುಸ್ಬುಡಿ."

"ನೋಡು, ನಿನ್ನ ಮಗಳ ಸುಳ್ಳಿಗೆ ದೆವ್ವಾನೂ ಜೊತೆಗೆ ಸೇರಿತು" ಎಂದು ಅಪ್ಪ ಅಮ್ಮನಿಗೆ ಹೇಳಿ, ನನ್ನ ಕಡೆ ತಿರುಗದೆ ಒಳಗೆ ಹೋದ. ಆದರೆ ಕೆಂಚಮ್ಮ ಚೊಂಬು ಎತ್ತಿಕೊಂಡು ಹೊರಡುವಾಗ ಇನ್ನೊಂದು ಮಾತು ಹೇಳಿದಳು, ನನಗೆ ಮಾತ್ರ.

"ಆ ಅಜ್ಜಮ್ಮೋರ ಬಟ್ಟೆ ಚಟಚಟ ಅಂತು ನೋಡವ್ವ, ನಮ್ಮ ಕಂಬ್ಳೀನೂ ಅಂಗೇಯ. ಚಳಿ ದಿನ್ದಾಗೆ ಕೊಡವಿದ್ರೆ ಚಟಗುಡ್ತದೆ. ದೂಳು, ಕೂದ್ಲು, ಅತ್ತಿ ಎಲ್ಲಾ ಎಳ್ಕತದೆ."

ಎಳ್ಕತದೆ! ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಶಾಲೆಯಲ್ಲಿ ಹುಡುಗಿಯರು ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿ, ಕಾಗದದ ಚೂರುಗಳ ಮೇಲೆ ಹಿಡಿದು ಕುಣಿಸುತ್ತಿದ್ದುದು ನೆನಪಾಯಿತು. ಬಾಚಣಿಗೆ ಕಾಗದವನ್ನು ಎಳೆಯುತ್ತದೆ. ಕಂಬಳಿ ಹತ್ತಿಯನ್ನು ಎಳೆಯುತ್ತದೆ. ಧಾಬಳಿ ಗುಳ್ಳೆಯನ್ನು ಎಳೆಯಿತು. ಮೂರೂ ಒಂದೇ ಇರಬೇಕಲ್ಲ? ಹಾಗಿದ್ದರೆ ಬಾಚಣಿಗೆಯೂ ಗುಳ್ಳೆಯನ್ನು ಎಳೆಯಬೇಕು! ನನಗೆ ಎಷ್ಟು ಸಂತೋಷವಾಯಿತು ಎಂದರೆ, ಪರೀಕ್ಷೆ ಮಾಡಿ ನೋಡುವ ತಾಳ್ಮೆಯೂ ಉಳಿಯಲಿಲ್ಲ. ಮಾರನೆಯ ದಿನ ಭಾನುವಾರ, ಅಪ್ಪ ಮನೆಯಲ್ಲಿದ್ದ. ಕರಟ, ದಂಟು, ಅಮ್ಮನ ಕೆಂಪು ಪ್ಲಾಸ್ಟಿಕ್ ಬಾಚಣಿಗೆ ಎಲ್ಲ ಹಿಡಿದು ಅವನೆದುರು ನಿಂತೆ.

"ಅಪ್ಪ, ಒಂದು ಸಲ ನೋಡು. ನಾನು ಊದದೇನೇ ಗುಳ್ಳೆ ಇದರ ಕಡೆ ಬರ್ತದೆ. ಆಮೇಲೆ ಹೇಳು."

ಅಪ್ಪ ಪತ್ರಿಕೆಯನ್ನು ಕೆಳಗಿಟ್ಟ. ನಾನು ಬಾಚಣಿಗೆಯಿಂದ ತಲೆಯನ್ನು ಹತ್ತು ಸಲ, ಇಪ್ಪತ್ತು ಸಲ ಬಾಚಿದೆ. ಗುಳ್ಳೆ ಬಿಟ್ಟೆ. ಬಾಚಣಿಗೆ ಹಿಡಿದೆ. ಗುಳ್ಳೆ ನನ್ನ ಬಾಚಣಿಗೆಯನ್ನು ಕಣ್ಣೆತ್ತಿಯೂ ನೋಡದೆ ಬಾಗಿಲಾಚೆ ಹೋಯಿತು. ಇನ್ನೊಂದು ಬಿಟ್ಟೆ. ಅದು ನೆಲಕ್ಕಿಳಿದು ಒಡೆಯಿತು. ಐದನೆಯದೂ ಹಾಗೇ ಹೋಯಿತು. ಅಪ್ಪ ಪತ್ರಿಕೆ ಎತ್ತಿಕೊಂಡ.

"ಒಂದು ಸುಳ್ಳನ್ನ ನಿಲ್ಲಿಸಕ್ಕೆ ಇನ್ನೊಂದು ಸುಳ್ಳು. ಸಾಕು, ಹೋಗು."

ನಾನು ನಡುಕೋಣೆಯ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ನನಗೇ ಅನುಮಾನ ಶುರುವಾಗಿತ್ತು. ಬಹುಶಃ ನಾನೇ ಊದಿದ್ದೆನೇನೋ, ಕೆಂಚಮ್ಮ ಹೇಳಿದಂತೆ ಏನೋ ಸೋಕಿದೆಯೇನೋ. ಹ್ಞೂಂ ಅಂದುಬಿಡೋಣ, ಸಂಜೆ ಅಪ್ಪನ ಕೋಟಿನ ನಾರು ತೆಗೆಯಬಹುದು ಎಂದು ಎದ್ದೇಬಿಟ್ಟಿದ್ದೆ. ಆಗ ದೇವರಮನೆಯ ಹೊಸ್ತಿಲ ಒಳಗಿನಿಂದ ಅಜ್ಜಿಯ ದನಿ ಬಂತು. ಹೊಸ್ತಿಲ ಆಚೆ ಅವಳು, ಈಚೆ ನಾನು.

"ನಾಗೂ, ಇಲ್ಲಿ ಬಾ. ಅಷ್ಟು ದೂರದಲ್ಲೇ ನಿಲ್ಲು. ನಿನ್ನ ತಲೆಗೆ ಅಮ್ಮ ಎಷ್ಟು ಎಣ್ಣೆ ಹಚ್ಚಿದಾಳೆ?"

ಕೊಬ್ಬರಿಯ ಊರು ನಮ್ಮದು. ಅಮ್ಮ ನನ್ನ ಜಡೆ ಹಾಕುವಾಗ ಎಣ್ಣೆ ಕಿವಿಯ ಹಿಂದೆ ಇಳಿಯದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಬೇಕಾದಷ್ಟು" ಎಂದೆ.

"ಅದಕ್ಕೇ. ಎಣ್ಣೆ ತಲೆ ಸುಮ್ಮನಿರ್ತದೆ. ಎಣ್ಣೆಸ್ನಾನ ಮಾಡಿ, ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಸಾಂಬ್ರಾಣಿ ಹೊಗೇಲಿ ಒಣಗಿಸಿದ ಕೂದಲು ಇರ್ತದಲ್ಲ, ಅದು ಮಾತಾಡೋದು. ಚಳಿಗಾಲದಲ್ಲಿ ನಾನು ತಲೆ ಬಾಚಿಕೊಂಡ್ರೆ ಚಟಚಟ ಅಂತ ಆಚೆ ಕೋಣೆಗೆ ಕೇಳಿಸೋದು. ಎಳೆ ಎಳೆ ಕೂದಲೂ ಎದ್ದು ಬಾಚಣಿಗೆ ಹಿಂದೆ ಬರೋದು. ನಮ್ಮ ತಮ್ಮ ಹೆದರಿಕೊಂಡು ಓಡಿಹೋಗ್ತಿದ್ದ."

ನಾನು ಅಳುವುದನ್ನು ಮರೆತು ಅವಳನ್ನೇ ನೋಡಿದೆ. ಅಜ್ಜಿಗೆ ಕೂದಲಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

"ನಿನಗೆ ಎಷ್ಟು ಉದ್ದ ಇತ್ತಜ್ಜಿ?"

"ಕೂತರೆ ನೆಲಕ್ಕೆ ತಾಗೋದು" ಎಂದಳು, ನಿನ್ನೆಯ ಸಾರಿನ ಬಗ್ಗೆ ಹೇಳುವ ಹಾಗೆ. "ಮಂಗಳವಾರದ ತನಕ ತಡಿ. ನಿನ್ನ ಎಣ್ಣೆಸ್ನಾನದ ದಿನ. ಅವತ್ತು ನೋಡೇಬಿಡೋಣ. ನಿಜವೋ ಸುಳ್ಳೋ ನನಗೂ ಗೊತ್ತಾಗಬೇಕು. ಹಾಳಾದ್ದು ನನ್ನ ಮಡಿಯಲ್ಲವೇ? ಆದರೆ ಆ ದರಿದ್ರ ಸೋಪು ಬೇಡ. ಅಂಟುವಾಳ ನೆನೆಹಾಕು."

ಅಂಟುವಾಳದ ಕಾಯಿ ಅಜ್ಜಿಯ ಮಡಿ ರೇಷ್ಮೆ ಒಗೆಯಲು ಹಳೇಬೀಡಿನಿಂದ ತಮ್ಮನ ಕೈಲಿ ಬಸ್ಸಿನಲ್ಲಿ ಬರುತ್ತಿತ್ತು, ಅದಕ್ಕೆ ಮೈಲಿಗೆಯಿಲ್ಲ. ಒಂದು ಹಿಡಿ ನೆನೆಹಾಕಿ ಕಿವುಚಿದೆ. ನೊರೆ ಬೇಕಾದಷ್ಟು ಬಂತು, ಗುಳ್ಳೆ ಮಾತ್ರ ಗೋಲಿ ಗಾತ್ರಕ್ಕೆ ಬಂದು ಪುಟಕ್ಕನೆ ಒಡೆಯುತ್ತಿತ್ತು. ಅಜ್ಜಿ ಕಿಟಕಿಯಿಂದ ನೋಡಿ, ದಾಸವಾಳದ ಎಲೆ ಅರೆದು ಲೋಳೆ ಸೇರಿಸು ಎಂದಳು. ಸೇರಿಸಿದೆ. ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಇನ್ನೂ ನಾಲ್ಕು ಎಲೆ ಎಂದಳು. ದಂಟಿನ ತುದಿಯನ್ನು ಸೀಳಿ ಹೂವಿನಂತೆ ಬಿಡಿಸು ಎಂದಳು. ಎರಡು ದಿನ ನಾವಿಬ್ಬರೂ ಕಿಟಕಿಯ ಆಚೆ ಈಚೆ ಇದೇ ಕೆಲಸ ಮಾಡಿದೆವು. ಅಮ್ಮ ಅಡಿಗೆಮನೆಗೆ ಬಂದು ಹೋಗುವಾಗ ಹಣೆ ಚಚ್ಚಿಕೊಂಡಳು. ಅಪ್ಪ ಮಾತಾಡದ ನೋವು ಒಳಗಿತ್ತು, ಆದರೂ ಸುಳ್ಳು ಹೇಳಬಾರದು, ಆ ಎರಡು ದಿನ ನಾನು ಖುಷಿಯಾಗಿಯೇ ಇದ್ದೆ.

ಮಂಗಳವಾರ ಬೆಳಿಗ್ಗೆ ಅಮ್ಮ ನನ್ನ ನೆತ್ತಿಗೆ ಎಣ್ಣೆ ತಟ್ಟಿ, ಹಂಡೆಯ ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಕಣ್ಣುರಿಯುವಂತೆ ಉಜ್ಜಿ ತೊಳೆದಳು. ಸಾಂಬ್ರಾಣಿ ಹಾಕಿ ಬುಟ್ಟಿಯ ಮೇಲೆ ಕೂದಲು ಹರವಿ ಒಣಗಿಸಿದಳು. ಆಮೇಲೆ ಅಭ್ಯಾಸಬಲದಿಂದ ಎಣ್ಣೆ ಗಿಂಡಿಗೆ ಕೈ ಹಾಕಿದಳು.

"ಬೇಡವೇ! ಒಂದು ತೊಟ್ಟೂ ಮುಟ್ಟಿಸಬೇಡ!" ಎಂದು ಅಜ್ಜಿ ಒಳಗಿನಿಂದ ಕೂಗಿದಳು.

"ಅತ್ತೆ, ಕೂದಲು ಬಿಟ್ಟುಕೊಂಡು ದೆವ್ವದ ಹಾಗೆ ಓಡಾಡೋದಾ ಹುಡುಗಿ?"

"ಒಂದು ದಿನ ಓಡಾಡಲಿ ಬಿಡು."

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ. ಕೋಟು ಬಿಚ್ಚುವ ಮುಂಚೆಯೇ ಅಜ್ಜಿ ನಡುಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅವಳು ಹಜಾರದ ಕಡೆ ಅಷ್ಟು ದೂರ ಬರುವುದೇ ಅಪರೂಪ.

"ಊಟ ಆಮೇಲೆ. ಬಾಗಿಲು, ಕಿಟಕಿ ಎಲ್ಲ ಹಾಕು. ಗಾಳಿ ಅಂತ ಆಮೇಲೆ ನೆಪ ಹೇಳಬಾರದು ನೀನು."

ತಾಯಿಯ ಮಾತು; ಅಪ್ಪ ಹಾಕಿದ. ಹಂಚಿನ ನಡುವಿನ ಗಾಜಿನಿಂದ ಒಂದೇ ಕೋಲು ಬಿಸಿಲು ಹಜಾರದ ಮಧ್ಯಕ್ಕೆ ಇಳಿಯುತ್ತಿತ್ತು. ನಾನು ಬಾಚಣಿಗೆಯನ್ನು ಕೂದಲಿನಲ್ಲಿ ಎಳೆದೆ. ಚಟಚಟ ಎಂದಿತು! ಮೊದಲ ಗುಳ್ಳೆ ದಂಟಿನಲ್ಲೇ ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದು ಬಿಡಿಸಿಕೊಂಡು ಬಿಸಿಲಿಗೆ ಬಂದು ಇಳಿಯತೊಡಗಿತು. ನಾನು ಉಸಿರು ಬಿಗಿಹಿಡಿದು ಬಾಚಣಿಗೆಯನ್ನು ಅದರ ಮೇಲೆ ಒಂದು ಗೇಣು ದೂರದಲ್ಲಿ ಹಿಡಿದೆ. ಇಳಿಯುತ್ತಿದ್ದದ್ದು ನಿಂತಿತು. ನಿಂತು, ಮೇಲಕ್ಕೇರಿತು. ಬಾಚಣಿಗೆಯನ್ನು ಪಕ್ಕಕ್ಕೆ ಸರಿಸಿದೆ, ಪಕ್ಕಕ್ಕೆ ಬಂತು. ಹಿಂದಕ್ಕೆ ನಡೆದೆ, ಹಿಂದೆಯೇ ಬಂತು. ಹತ್ತಿರವಾದಂತೆ ದುಂಡಗಿದ್ದದ್ದು ಮೊಟ್ಟೆಯ ಆಕಾರಕ್ಕೆ ಎಳೆದುಕೊಂಡು, ಬಾಚಣಿಗೆಗೆ ತಾಗಿ ಒಡೆಯಿತು. ನನ್ನ ಮೂಗಿನ ಮೇಲೆ ಸಣ್ಣ ಹನಿ ಸಿಡಿಯಿತು.

"ನೋಡಿದೆಯಾ? ನೋಡಿದೆಯಾ ಅಪ್ಪ?"

ಅಪ್ಪ ಹಾಕಿದ ಬಾಗಿಲನ್ನೂ ಕಿಟಕಿಯನ್ನೂ ತಿರುಗಿ ನೋಡಿದ. ಆಮೇಲೆ, ನಂಬುವುದಕ್ಕೆ ಮನಸ್ಸಿದ್ದೂ ಸೋಲುವುದಕ್ಕೆ ಮನಸ್ಸಿಲ್ಲದವನ ಹಾಗೆ, "ನೀನು ನಡೆದ ಗಾಳಿಗೆ ಬಂದಿರಬಹುದು" ಎಂದ. "ಬಾಚಣಿಗೆ ಬೀಸಿದ್ರೂ ಗಾಳಿ ಏಳ್ತದೆ."

ನನಗೆ ಕಣ್ಣು ತುಂಬಿ ಬಂತು. ಇನ್ನೇನು ಮಾಡಿ ತೋರಿಸಲಿ? ಅಷ್ಟರಲ್ಲಿ ಅಜ್ಜಿ ಹೊಸ್ತಿಲು ದಾಟಿ ಹಜಾರಕ್ಕೆ ಬಂದು ನೆಲದ ಮೇಲೆ ಕೂತಳು.

"ಗುಳ್ಳೆಗೆ ಬಾಯಿಲ್ಲ, ಗಾಳಿ ಎಳೀತೋ ಬಾಚಣಿಗೆ ಎಳೀತೋ ಹೇಳಕ್ಕೆ. ನನಗಿದೆ. ನಾನು ಹೇಳಿದ್ರೆ ನಂಬ್ತೀಯೇನೋ?"

"ನೀನು ಹೇಳಿದ್ರೆ ನಂಬದೆ ಏನಮ್ಮ?"

"ನಾಗೂ, ಬಾಚಣಿಗೇನ ಮತ್ತೆ ತಲೆಗೆ ಉಜ್ಜು. ಚೆನ್ನಾಗಿ ಉಜ್ಜು. ಹ್ಞಾ. ಈಗ ನನ್ನ ಹಿಂದೆ ಬಾ."

ಹೀಗೆಂದು ಅಜ್ಜಿ ಎರಡೂ ಕೈಯಿಂದ ಸೆರಗನ್ನು ತಲೆಯ ಮೇಲಿಂದ ಹಿಂದಕ್ಕೆ ಸರಿಸಿದಳು. ಅಮ್ಮ "ಅತ್ತೆ!" ಎಂದಳು. ಅಪ್ಪ ಮುಖ ತಿರುಗಿಸಿದ. ನಾನು ಮೊದಲ ಸಲ ಅಜ್ಜಿಯ ತಲೆ ನೋಡಿದೆ. ಸಣ್ಣ ತಲೆ. ಕ್ಷೌರವಾಗಿ ಹದಿಮೂರು ದಿನವಾಗಿತ್ತು. ಬೆಳ್ಳಗಿನ ಮೊಳಕೆ ಕೂದಲು ನೆತ್ತಿಯ ತುಂಬ ಒತ್ತಾಗಿ ಎದ್ದಿತ್ತು.

"ಮುಟ್ಟಬೇಡ. ಹತ್ತಿರ ಹಿಡಿ, ಸಾಕು."

ನಾನು ಬಾಚಣಿಗೆಯನ್ನು ಎರಡು ಬೆರಳಿನ ಅಂತರದಲ್ಲಿ ಹಿಡಿದು, ನಿಧಾನವಾಗಿ, ಹಣೆಯಿಂದ ಹಿಂದಕ್ಕೆ ಸರಿಸಿದೆ. ಬಿಸಿಲಿನಲ್ಲಿ ಆ ಸಣ್ಣ ಕೂದಲು ಬಾಚಣಿಗೆ ಹೋದ ಕಡೆಗೆಲ್ಲ ಎದ್ದು ನಿಂತಿತು. ಅಜ್ಜಿಯ ಭುಜ ಜುಮ್ಮೆಂದು ನಡುಗಿತು.

"ಇದೆ ಕಣೋ" ಎಂದಳು. ದನಿ ಯಾಕೋ ಸಣ್ಣದಾಗಿತ್ತು. "ಇರುವೆ ಹರಿದ ಹಾಗೆ ಆಗ್ತದೆ. ಒಂದೊಂದು ಕೂದಲಿನ ಬುಡಾನೂ ಎಳೀತಿದೆ. ಮುಟ್ಟದೇ ಎಳೀತದೆ ಕಣೋ. ಮಗು ಸುಳ್ಳು ಹೇಳಿಲ್ಲ."

ಅಪ್ಪ ತಿರುಗಿದ. ತಾಯಿಯ ತಲೆ ನೋಡಿದ, ನನ್ನ ಮುಖ ನೋಡಿದ. ಈ ಸಲ ಮೂಟೆ ನೋಡುವ ಹಾಗಲ್ಲ. ಆಮೇಲೆ ಅವನು ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಕಾಲದ ಅಪ್ಪಂದಿರು ಮಕ್ಕಳಿಗೆ ಹೇಳದ ಮಾತನ್ನು ಅವನು ಹೇಳಿದ.

"ತಪ್ಪಾಯ್ತು ಕಣೇ ನಾಗೂ. ನೀನು ಕಂಡಿದ್ದನ್ನೇ ಹೇಳಿದ್ದೆ. ನನಗೇ ಗೊತ್ತಾಗಲಿಲ್ಲ."

ನಾನು ಗೊಳೋ ಎಂದು ಅತ್ತೆ. ಗೆದ್ದವಳು ಯಾಕೆ ಅಳುತ್ತೀಯೇ ಎಂದು ಅಮ್ಮ ಬೈಯುತ್ತ ತಾನೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಪ್ಪ ಹಜಾರದ ಮಣೆಯ ಮೇಲೆ ಬೆನ್ನು ಕೊಟ್ಟು ಕೂತ. ಕೋಟಿನ ಮೇಲೆ ಐದು ದಿನದ ನಾರಿತ್ತು. ನಾನು ಕಣ್ಣೊರೆಸಿಕೊಂಡು, ಬಾಚಣಿಗೆಯನ್ನೇ ಹತ್ತಿರ ಹಿಡಿದು ನೋಡಿದೆ. ಸಡಿಲಾಗಿದ್ದ ನಾರೊಂದೆರಡು ತಾವಾಗಿಯೇ ಎದ್ದು ಅದಕ್ಕೆ ಹಾರಿದವು. ಅಪ್ಪ ಹೆಗಲ ಮೇಲಿಂದ ತಿರುಗಿ ನೋಡಿ, "ಎಲಾ!" ಎಂದು ನಕ್ಕುಬಿಟ್ಟ. ಕಂಡದ್ದನ್ನು ಕಂಡ ಹಾಗೆ ಹೇಳಿ, ನಂಬದವರಿಗೆ ಮಾಡಿ ತೋರಿಸುವ ಈ ನನ್ನ ಹಟ ಮುಂದೆ ನನಗೆ ಎಷ್ಟೋ ಜನರ ಹತ್ತಿರ ಬೈಗುಳ ತಂದುಕೊಟ್ಟಿದೆ. ಅದನ್ನು ನಾನು ಕಲಿತದ್ದು ಆ ಐದು ದಿನಗಳಲ್ಲಿ.

ಅಡಿಗೆಮನೆಯಲ್ಲಿ ಅನ್ನ ಆರುತ್ತಿದೆ ಎಂದು ಅಮ್ಮ ಕರೆದಳು. ಅಪ್ಪ ಕೈಕಾಲು ತೊಳೆಯಲು ಹೋದ. ಅಜ್ಜಿ 'ಬರ್ತೀನಿ' ಎಂದವಳು ಹಜಾರದ ಬಿಸಿಲಿನಲ್ಲಿ ಹಾಗೇ ಕೂತಿದ್ದಳು, ಸೆರಗು ಇನ್ನೂ ಹೆಗಲ ಮೇಲೇ ಇತ್ತು.

"ನಾಗೂ, ನೀನು ನನ್ನನ್ನ ಮುಟ್ಟಲಿಲ್ಲ ಅಲ್ವೇನೇ?"

"ಇಲ್ಲ ಅಜ್ಜಿ. ಸ್ವಲ್ಪಾನೂ ಇಲ್ಲ."

"ಹಾಗಾದ್ರೆ ಇನ್ನೊಂದ್ಸಲ ಹಿಡಿ" ಎಂದಳು ಅಜ್ಜಿ. "ನಾಳೆ ಬುಧವಾರ. ಕ್ಷೌರದವನು ಬಂದುಬಿಡ್ತಾನೆ."